ಕುಡಿತ ಬಿಟ್ಟರೂ ತೂರಾಟ, ಗೊಂದಲ: ಇದು ವಿಟಮಿನ್ ಕೊರತೆಯೇ?

ಸೋಮವಾರಪೇಟೆಯ ನಿಮ್ಮ ಚಿಕ್ಕಪ್ಪನವರು ಕುಡಿತ ನಿಲ್ಲಿಸಿ ವಾರವಾದರೂ ತೂರಾಡುತ್ತಾರೆ, ಎದುರಿನ ಕಾಫಿ ಲೋಟ ಎರಡಾಗಿ ಕಾಣುತ್ತದೆ ಎನ್ನುತ್ತಾರೆ, ದಿನ ಯಾವುದೆಂದೂ ತಿಳಿಯದು ಎಂದು ಬರೆದಿದ್ದೀರಿ. ಇದು ಥಯಾಮಿನ್, ಅಂದರೆ ವಿಟಮಿನ್ ಬಿ1ರ ಕೊರತೆಯಿಂದ ಬರುವ ವೆರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ಕಾಯಿಲೆ ಇರಬಹುದು. 1881ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ ಕಣ್ಣಿನ ಚಲನೆಯ ದೋಷ, ನಡಿಗೆಯ ಅಸ್ಥಿರತೆ, ಗೊಂದಲ ಎಂಬ ಮೂರೂ ಲಕ್ಷಣಗಳು ಹೆಚ್ಚಿನ ರೋಗಿಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ, ಒಂದೆರಡು ಇದ್ದರೂ ಸಂಶಯಪಡಲೇಬೇಕು. (ಇದು ಕುಡುಕರ ಕಾಯಿಲೆ ಮಾತ್ರವಲ್ಲ, ವಾರಗಟ್ಟಲೆ ವಾಂತಿಯಿಂದ ಬಳಲುವ ಗರ್ಭಿಣಿಯರಿಗೂ ಬರುತ್ತದೆ.)

ಇಂದೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಎಂಆರ್‌ಐಗೆ ಕಾಯದೆ, ಗ್ಲೂಕೋಸ್ ಡ್ರಿಪ್‌ಗೆ ಮೊದಲು ಅಥವಾ ಅದರ ಜೊತೆಗೇ, ಥಯಾಮಿನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಮೆಡಿಕಲ್ ಶಾಪಿನ ಬಿ-ಕಾಂಪ್ಲೆಕ್ಸ್ ಮಾತ್ರೆ ಸಾಲದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.