ಕಂಕುಳಲ್ಲಿ ಕೂಸು, ನಾಲ್ಕು ದಿನ ಸಿಂಗಪುರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು. ನಾಲ್ಕು ದಿನದ ಮಟ್ಟಿಗೆ ಸಿಂಗಪುರಕ್ಕೆ ಹೊರಟಿದ್ದೇವೆ. ನೋಡಬೇಕಾದ ಜಾಗಗಳ ಪಟ್ಟಿ ಇಪ್ಪತ್ತೆರಡಕ್ಕೆ ಮುಟ್ಟಿದೆ. ಕೂಸನ್ನು ಕಟ್ಟಿಕೊಂಡು ಇದರಲ್ಲಿ ಯಾವುದನ್ನು ಉಳಿಸಿಕೊಳ್ಳೋಣ?

ನಾಲ್ಕನ್ನು ಉಳಿಸಿಕೊಳ್ಳಿ: ಬೊಟಾನಿಕ್ ಗಾರ್ಡನ್ಸ್, ಗಾರ್ಡನ್ಸ್ ಬೈ ದ ಬೇ, ನದಿಜೀವಿಗಳ ಪ್ರಾಣಿಧಾಮವಾದ ರಿವರ್ ವಂಡರ್ಸ್, ವಾಪಸು ಹೊರಡುವ ದಿನ ಚಾಂಗಿ ವಿಮಾನ ನಿಲ್ದಾಣದ ಅಂಗಡಿ ಸಂಕೀರ್ಣ ಜ್ಯೂವೆಲ್. ಮಿಕ್ಕದ್ದು ಸಮಯ ಸಿಕ್ಕರೆ.

ಹೀಗೇಕೆಂದರೆ, ಸಿಂಗಪುರ ಭೂಮಧ್ಯರೇಖೆಯಿಂದ ಒಂದು ಡಿಗ್ರಿಯಷ್ಟೇ ಉತ್ತರಕ್ಕಿದೆ. ವರ್ಷದ ಯಾವ ತಿಂಗಳಲ್ಲಿ ಹೋದರೂ ಮಧ್ಯಾಹ್ನ 31–33 ಡಿಗ್ರಿ ಸೆಲ್ಸಿಯಸ್, ಜೊತೆಗೆ ಮೈಗೆ ಅಂಟುವ ಸೆಖೆ. ಕೂಸಿನ ಮೈ ದೊಡ್ಡವರ ಮೈಗಿಂತ ಬೇಗ ಬಿಸಿಯೇರುತ್ತದೆ. ಹೀಗಾಗಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ತಿರುಗುವ ಯೋಜನೆಯನ್ನೇ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ತಂಪಿನಲ್ಲಿ ನಿದ್ದೆ, ಸಂಜೆ ಒಂದು ಸಣ್ಣ ಸುತ್ತು, ಅಷ್ಟೇ. ಮೂರನೆಯ ಜಾಗ ತುರುಕಿದ ದಿನ ಮಧ್ಯಾಹ್ನದ ನಿದ್ದೆ ತಪ್ಪುತ್ತದೆ, ಸಂಜೆ ಮಗು ರಚ್ಚೆ ಹಿಡಿಯುತ್ತದೆ, ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ, ಮರುದಿನವೂ ಕೆಡುತ್ತದೆ.

ಬೊಟಾನಿಕ್ ಗಾರ್ಡನ್ಸ್ ಶುರುವಾದದ್ದು 1859ರಲ್ಲಿ. 2015ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಬೆಳಿಗ್ಗೆ 5ಕ್ಕೇ ತೆರೆಯುತ್ತದೆ, ಪ್ರವೇಶ ಉಚಿತ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ತೋಟ ಉದ್ದಕ್ಕೆ ಚಾಚಿಕೊಂಡಿರುವುದರಿಂದ ಯಾವ ತುದಿಯಿಂದ ಹೊಗುತ್ತೀರಿ ಎಂಬುದು ಮುಖ್ಯ. 'ಬೊಟಾನಿಕ್ ಗಾರ್ಡನ್ಸ್' ಎಂಬ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿದವರು ಆರ್ಕಿಡ್ ತೋಟಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ನೇಪಿಯರ್ ನಿಲ್ದಾಣದಲ್ಲಿ ಇಳಿದು ಟ್ಯಾಂಗ್ಲಿನ್ ಗೇಟಿನಿಂದ ಒಳಹೋದರೆ ದೂರ ಕಡಿಮೆ, ದಾರಿಯಲ್ಲೇ ಹಂಸಗಳ ಕೊಳವೂ ಸಿಗುತ್ತದೆ. ಹುಲ್ಲಿನ ಮೇಲೆ ದುಪ್ಪಟಿ ಹಾಸಿ ಮಗುವನ್ನು ಅಂಬೆಗಾಲಿಡಲು ಬಿಡಿ. ಗಂಟೆಗಟ್ಟಲೆ ಬೆಲ್ಟಿನಲ್ಲಿ ಕೂತ ಕೂಸಿಗೆ ಈ ಅರ್ಧ ಗಂಟೆ ಬೇಕೇ ಬೇಕು.

ಗಾರ್ಡನ್ಸ್ ಬೈ ದ ಬೇಗೆ ಮಧ್ಯಾಹ್ನ 4ರ ನಂತರ ಹೋಗಿ. ಮೊದಲು ತಂಪುಗೊಳಿಸಿದ ಎರಡು ಗಾಜಿನ ಮನೆಗಳು: ಫ್ಲವರ್ ಡೋಮ್, ಕ್ಲೌಡ್ ಫಾರೆಸ್ಟ್. ಕ್ಲೌಡ್ ಫಾರೆಸ್ಟಿನ ಬಾಗಿಲು ದಾಟುತ್ತಿದ್ದಂತೆ 35 ಮೀಟರ್ ಎತ್ತರದ ಜಲಪಾತ ಎದುರಾಗುತ್ತದೆ. ತುಂತುರು ಮುಖಕ್ಕೆ ಬಿದ್ದಾಗ ಮಗು ಒಂದು ಕ್ಷಣ ಉಸಿರು ಹಿಡಿದು, ಕಣ್ಣು ಪಿಳಿಪಿಳಿ ಮಾಡಿ, ಆಮೇಲೆ ನೀರಿನತ್ತ ಕೈ ಚಾಚುತ್ತದೆ. ಹೊರಗೆ ಬೆವರಿದ ಮೈ ಇಲ್ಲಿ ತಟ್ಟನೆ ತಣ್ಣಗಾಗುವುದರಿಂದ, ಒಳಹೋಗುವ ಮುನ್ನ ಕತ್ತು ಬೆನ್ನು ಒರೆಸಿ, ಒದ್ದೆ ಅಂಗಿ ಬದಲಿಸಿ, ಮೇಲೊಂದು ತೆಳು ತೋಳಂಗಿ ಹಾಕಿ. ಸಂಜೆ 7.45ಕ್ಕೆ ಸೂಪರ್‌ಟ್ರೀಗಳ, ಅಂದರೆ ಮರದ ಆಕಾರದ ಎತ್ತರದ ಗೋಪುರಗಳ, ಬೆಳಕಿನ ಪ್ರದರ್ಶನವಿದೆ, ಹಣ ಕೊಡಬೇಕಿಲ್ಲ. ಅವುಗಳ ಬುಡದಲ್ಲಿ ಸದ್ದು ಜೋರು. ಸ್ವಲ್ಪ ದೂರ ಕೂತರೂ ಬೆಳಕು ಚೆನ್ನಾಗಿಯೇ ಕಾಣುತ್ತದೆ.

ಊರಿನ ಉತ್ತರ ಭಾಗದ ಮಂಡಾಯಿಯಲ್ಲಿ ಮೃಗಾಲಯ, ನೈಟ್ ಸಫಾರಿ, ರಿವರ್ ವಂಡರ್ಸ್ ಮೂರೂ ಅಕ್ಕಪಕ್ಕದಲ್ಲಿವೆ. ಒಂಬತ್ತು ತಿಂಗಳ ಮಗುವಿಗೆ ರಿವರ್ ವಂಡರ್ಸೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೃಗಾಲಯದಲ್ಲಿ ಪ್ರಾಣಿ ದೂರ, ಬಿಸಿಲು ಹೆಚ್ಚು, ನಡಿಗೆ ಜಾಸ್ತಿ. ನೈಟ್ ಸಫಾರಿ ಶುರುವಾಗುವುದೇ ಕತ್ತಲಾದ ಮೇಲೆ, ಆ ಮಂದ ಬೆಳಕಿನಲ್ಲಿ ದೊಡ್ಡವರೇ ಪ್ರಾಣಿಯನ್ನು ಹುಡುಕಬೇಕು. ರಿವರ್ ವಂಡರ್ಸಿನಲ್ಲಿ ಅಮೆಜಾನಿನ ಮ್ಯಾನಟಿಗಳು, ಅಂದರೆ ನೀರಿನಲ್ಲೇ ಬದುಕುವ ದೊಡ್ಡ ಸಸ್ತನಿಗಳು, ಭಾರಿ ಗಾಜಿನ ತೊಟ್ಟಿಯಲ್ಲಿ ನಿಧಾನವಾಗಿ ತೇಲುತ್ತಾ ಮಗುವಿನ ಮೂಗಿನ ಹತ್ತಿರವೇ ಹಾದುಹೋಗುತ್ತವೆ. ಈ ವಯಸ್ಸಿನ ಕಣ್ಣು ಹಿಡಿದಿಡುವುದು ಇಂಥದ್ದನ್ನೇ: ದೊಡ್ಡದು, ಹತ್ತಿರದ್ದು, ಮೆಲ್ಲಗೆ ಚಲಿಸುವುದು. ಪಾಂಡಾಗಳಿರುವ ಭಾಗ ತಂಪಾಗಿದೆ. ಖತಿಬ್ ಮೆಟ್ರೊ ನಿಲ್ದಾಣದಿಂದ ಶಟಲ್ ಬಸ್ ಇದೆ. ಊರಿನ ನಡುಭಾಗದಿಂದ ಹೋಗಲು ಒಂದು ಗಂಟೆ ಎಂದೇ ಲೆಕ್ಕ ಹಾಕಿ, ಆ ದಿನ ಸಂಜೆಗೆ ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಜ್ಯೂವೆಲ್‌ನ 40 ಮೀಟರ್ ಜಲಪಾತ ವಲಸೆ ತಪಾಸಣೆಗಿಂತ ಹೊರಗಿದೆ, ಒಳಹೋದ ಮೇಲೆ ನೋಡೋಣ ಎಂದರೆ ತಪ್ಪಿಹೋಗುತ್ತದೆ. ನೆಲಮಾಳಿಗೆಯ ಮಟ್ಟದಲ್ಲಿ ನೀರು ಪಾರದರ್ಶಕ ಕೊಳವೆಯೊಳಗೆ ಬೀಳುತ್ತದೆ, ಮಗುವಿನ ಮೈ ನೆನೆಯದೆ ನೋಡಬಹುದು.

ಪ್ರಶ್ನೆ: ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಮಗುವಿನ ನಿದ್ದೆಯ ಹೊತ್ತನ್ನು ಹೊಂದಿಸುವುದು ಹೇಗೆ?

ನಾಲ್ಕೇ ದಿನಕ್ಕೆ ಹೊಂದಿಸಲು ಹೋಗಬೇಡಿ. ಮನೆಯಲ್ಲಿ 7ಕ್ಕೆ ಮಲಗುವ ಮಗು ಅಲ್ಲಿ ರಾತ್ರಿ 9.30ಕ್ಕೆ ಮಲಗುತ್ತದೆ, ಬೆಳಿಗ್ಗೆ 6ಕ್ಕೆ ಏಳುವುದು 8.30ಕ್ಕೆ ಏಳುತ್ತದೆ. ಇದು ಅನುಕೂಲವೇ. ಸಿಂಗಪುರದಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸುಮಾರು 7ಕ್ಕೆ, ಸಂಜೆಯ ತಂಪು ಸಿಗುವ ಹೊತ್ತಿಗೆ ನಿಮ್ಮ ಮಗು ಇನ್ನೂ ಚುರುಕಾಗಿರುತ್ತದೆ. ಬೆಳಿಗ್ಗೆ 7ರ ಬೆಳಕು ನಿದ್ದೆ ಕೆಡಿಸದಂತೆ ಕೋಣೆಗೆ ದಪ್ಪ ಪರದೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮಗುವಿನ ಮಂಚವನ್ನೂ ಮುಂಚಿತವಾಗಿ ಹೇಳಿಡಿ. ಹಾಸಿಗೆ ಗಟ್ಟಿಯಾಗಿರಲಿ, ದಿಂಬು, ಮೆತ್ತನೆಯ ರಗ್ಗು ಕೊಟ್ಟಿದ್ದರೆ ತೆಗೆದಿಡಿ.

ಪ್ರಶ್ನೆ: ವಿಮಾನದಲ್ಲಿ ಮೊಮ್ಮಗನ ಕಿವಿ ನೋವಿಗೆ ಏನು ಮಾಡಬೇಕಮ್ಮಾ? ತೊಟ್ಟಿಲು ಸಿಗುತ್ತದಂತೆ, ಹೌದೇ?

ಕಿವಿ ಹೆಚ್ಚು ನೋಯುವುದು ವಿಮಾನ ಏರುವಾಗಲ್ಲ, ಇಳಿಯುವಾಗ, ಅಜ್ಜಿ. ಹೊರಗಿನ ಒತ್ತಡ ಏರಿದಾಗ ಕಿವಿ ಮತ್ತು ಗಂಟಲಿನ ನಡುವಿನ ಸಣ್ಣ ನಾಳ ಮುಚ್ಚಿಕೊಳ್ಳುತ್ತದೆ, ನುಂಗಿದಾಗ ತೆರೆಯುತ್ತದೆ. ಆದ್ದರಿಂದ ಕೊನೆಯ ಹಾಲನ್ನು ಇಳಿಯುವ ಅರ್ಧ ಗಂಟೆಯ ಹೊತ್ತಿಗೆ ಎತ್ತಿಡಿ. ಮೊದಲೇ ಹೊಟ್ಟೆ ತುಂಬಿಸಿಬಿಟ್ಟರೆ ಆಗ ಕುಡಿಯುವುದಿಲ್ಲ. ತೊಟ್ಟಿಲು, ಅಂದರೆ ಬ್ಯಾಸಿನೆಟ್, ಗೋಡೆಯ ಎದುರಿನ ಸಾಲಿನಲ್ಲಿ ಮಾತ್ರ ಇರುತ್ತದೆ. ಟಿಕೆಟ್ ತೆಗೆಯುವಾಗಲೇ ಕೇಳಬೇಕು. ತೂಕದ ಮಿತಿ ಒಂದೊಂದು ಸಂಸ್ಥೆಯದು ಒಂದೊಂದು, ಗುಂಡುಗುಂಡಾದ ಮಗು ಮಿತಿ ಮೀರಿರಬಹುದು. ಸೀಟ್ ಬೆಲ್ಟ್ ದೀಪ ಹತ್ತಿದರೆ ನಿದ್ದೆಯಲ್ಲಿದ್ದರೂ ಎತ್ತಿಕೊಳ್ಳಬೇಕು. ಡಯಾಪರ್ ಲೆಕ್ಕ: ಪ್ರಯಾಣದ ಪ್ರತಿ ಗಂಟೆಗೆ ಒಂದು, ಮೇಲೆ ನಾಲ್ಕು. ಮಗುವಿಗೆ ಎರಡು ಜೊತೆ ಬಟ್ಟೆ ಇಟ್ಟುಕೊಳ್ಳುವವರು ಎತ್ತಿಕೊಳ್ಳುವವರ ಅಂಗಿಯನ್ನು ಮರೆಯುತ್ತಾರೆ. ಅದನ್ನೂ ಒಂದು ಇಡಿ.

ಪ್ರಶ್ನೆ: ಸ್ಟ್ರೋಲರ್ ಒಯ್ಯಬೇಕೇ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕೇ? ಓಡಾಟಕ್ಕೆ ಟ್ಯಾಕ್ಸಿ ಒಳ್ಳೆಯದೇ?

ಎರಡೂ ಬೇಕು. ಮೆಟ್ರೊ ಮತ್ತು ಬಸ್ಸುಗಳಲ್ಲಿ ಸ್ಟ್ರೋಲರನ್ನು ಮಡಚದೆ ಒಯ್ಯಬಹುದು, ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅಗಲವಾದ ಗೇಟೂ ಇದೆ. ಆದರೆ ಎಲ್ಲ ದ್ವಾರಗಳಲ್ಲೂ ಲಿಫ್ಟ್ ಇರುವುದಿಲ್ಲ. ಇಳಿದ ತಕ್ಷಣ ಫಲಕದಲ್ಲಿ ಲಿಫ್ಟಿನ ಗುರುತು ಯಾವ ಅಕ್ಷರದ ದ್ವಾರದ ಎದುರಿದೆ ನೋಡಿ, ಅತ್ತ ನಡೆಯಿರಿ. ಎಸ್ಕಲೇಟರಿಗೆ ಸ್ಟ್ರೋಲರ್ ಹತ್ತಿಸಲೇಬೇಡಿ. 0.9 ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ, ದಂಡ 500 ಸಿಂಗಪುರ ಡಾಲರಿನವರೆಗೆ. ಬಾಟಲಿಯ ಹಾಲನ್ನು ಗೇಟು ದಾಟುವ ಮುನ್ನವೇ ಮುಗಿಸಿ.

ಬಿಸಿಲೆಂದು ಸ್ಟ್ರೋಲರ್ ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಅಪಾಯದ್ದು. ಗಾಳಿಯಾಡದೆ ಒಳಗಿನ ಶಾಖ ಏರುತ್ತದೆ, ಹೊರಗಿನಿಂದ ಮಗುವಿನ ಮುಖವೂ ಕಾಣುವುದಿಲ್ಲ. ಅದರದೇ ಮುಚ್ಚಿಗೆ ಎಳೆದು ನೆರಳಿನ ಬದಿಯಲ್ಲಿ ನಡೆಯಿರಿ. ಕ್ಯಾರಿಯರಿನಲ್ಲಿದ್ದಾಗ ಮಗುವಿನ ಗದ್ದ ಅದರ ಎದೆಗೆ ಅಂಟದೆ ಎರಡು ಬೆರಳು ಹಿಡಿಯುವಷ್ಟು ಜಾಗವಿರಬೇಕು. ಎದೆಗೆ ಎದೆ ಒತ್ತಿಕೊಂಡು ಇಬ್ಬರೂ ಬೆವರುವುದರಿಂದ ಅರ್ಧ ಗಂಟೆಗೊಮ್ಮೆ ಇಳಿಸಿ ಗಾಳಿ ತಾಗಿಸದಿದ್ದರೆ ಬೆವರುಸಾಲೆ ಏಳುತ್ತದೆ.

ಟ್ಯಾಕ್ಸಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಆಸನ ಕಡ್ಡಾಯ. ಬೀದಿಯ ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಬಾಡಿಗೆ ಕಾರಿಗೆ ಇಲ್ಲ. ಆಸನವಿಲ್ಲದಿದ್ದರೆ ಚಾಲಕ ಹತ್ತಿಸಿಕೊಳ್ಳದೆ ಹೋಗಬಹುದು. ವಿನಾಯಿತಿ ಇದೆಯೆಂದ ಮಾತ್ರಕ್ಕೆ ತೊಡೆಯ ಮೇಲಿನ ಪ್ರಯಾಣ ಸುರಕ್ಷಿತವಾಗುವುದಿಲ್ಲ. ಸಾಧ್ಯವಾದಷ್ಟೂ ಮೆಟ್ರೊ ಹಿಡಿಯಿರಿ, ಹೋಟೆಲನ್ನೂ ನಿಲ್ದಾಣದ ಹತ್ತಿರವೇ ಆರಿಸಿ.

ಪ್ರಶ್ನೆ: ಅಲ್ಲಿನ ನಲ್ಲಿ ನೀರಿನಲ್ಲಿ ಪುಡಿಹಾಲು ಕಲಸಬಹುದೇ?

ನಲ್ಲಿ ನೀರು ಕುಡಿಯಲು ಯೋಗ್ಯ. ಪುಡಿಹಾಲಿಗೆ ಮಾತ್ರ ಕುದಿಸಿಯೇ ಬಳಸಿ, ಏಕೆಂದರೆ ಸೂಕ್ಷ್ಮಾಣು ಇರಬಹುದಾದದ್ದು ನೀರಿನಲ್ಲಷ್ಟೇ ಅಲ್ಲ, ಪುಡಿಯಲ್ಲೂ. ಕಲಸುವಾಗ ನೀರು ಕನಿಷ್ಠ 70 ಡಿಗ್ರಿ ಇರಬೇಕು. ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಗಳಲ್ಲಿ ಒಂದೊಂದು ಹೊತ್ತಿಗೆ ಅಳೆದ ಪುಡಿ ಒಯ್ದು, ಬೇಕಾದಾಗ ಕಲಸಿ, ಬಾಟಲಿಯನ್ನು ನಲ್ಲಿಯಡಿ ಹಿಡಿದು ಆರಿಸಿ. ಕಲಸಿದ ಹಾಲನ್ನು ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಬಾಯಿ ಹಚ್ಚಿದ್ದನ್ನು ಒಂದು ಗಂಟೆಯ ಮೇಲೆ ಚೆಲ್ಲಿ.

ಪ್ರಶ್ನೆ: ಅಲ್ಲಿ ಜ್ವರ ಬಂದರೆ?

ಹೊರಡುವ ಮುನ್ನ ವೈದ್ಯರಿಂದ ಜ್ವರದ ಔಷಧದ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಬರೆಸಿಕೊಳ್ಳಿ. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. 'ಒಂದು ಚಮಚ' ಎಂಬ ನೆನಪಿನ ಮೇಲೆ ಅಲ್ಲಿನ ಬಾಟಲಿಯಿಂದ ಕೊಟ್ಟರೆ ಪ್ರಮಾಣ ಎರಡರಷ್ಟಾದೀತು. ದಡಾರ ಲಸಿಕೆಯನ್ನು ಪ್ರಯಾಣಕ್ಕೆ ಮೊದಲೇ ಹಾಕಿಸಬೇಕೇ ಎಂದೂ ಕೇಳಿಕೊಳ್ಳಿ. ಡೆಂಗಿ ಇರುವ ಊರಾದ್ದರಿಂದ ಸ್ಟ್ರೋಲರಿಗೆ ಸೊಳ್ಳೆಪರದೆ ಒಯ್ಯಿರಿ. ಆರೇಳು ಗಂಟೆ ಡಯಾಪರ್ ಒಣಗಿಯೇ ಇದ್ದರೆ, ಮಗು ಮಂಕಾಗಿದ್ದರೆ, ಹೋಟೆಲಿನಲ್ಲಿ ಕಾಯುತ್ತಾ ಕೂರಬೇಡಿ. ಬುಕಿತ್ ತಿಮಾ ರಸ್ತೆಯ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ, ಹತ್ತಿರದ ಮೆಟ್ರೊ ಲಿಟಲ್ ಇಂಡಿಯಾ. ಆಂಬುಲೆನ್ಸಿಗೆ 995. ಮಗುವಿನ ಪಾಸ್‌ಪೋರ್ಟ್, ಲಸಿಕೆಯ ಕಾರ್ಡ್, ವಿಮೆಯ ಪ್ರತಿ ಮೂರನ್ನೂ ಡಯಾಪರ್ ಚೀಲದ ಒಂದೇ ಜೇಬಿನಲ್ಲಿಡಿ.