ಹಚ್ಚೆ ಹಾಕಿಸಿಕೊಂಡವರ ಪ್ರಾರ್ಥನೆ ದೇವರಿಗೆ ಸಲ್ಲುವುದಿಲ್ಲವೇ?

ದೈವಭಕ್ತಿ ಇರುವವರು ಹಚ್ಚೆ ಹಾಕಿಸಿಕೊಳ್ಳಬಹುದೇ, ಹಾಕಿಸಿಕೊಂಡರೆ ಪ್ರಾರ್ಥನೆ ಸಲ್ಲುವುದಿಲ್ಲವಂತೆ, ಸತ್ತಾಗ ಮಣ್ಣಿಗೂ ಜಾಗ ಸಿಗುವುದಿಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ನಿಮ್ಮ ಧರ್ಮ ಯಾವುದೆಂದು ಹೇಳಿಲ್ಲ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಗಂಟು ಬಿಡಿಸಬೇಕು. ಹಚ್ಚೆ ಹಾಕಿಸಿಕೊಳ್ಳುವುದು ತಪ್ಪೇ ಎಂಬುದು ಒಂದು ಪ್ರಶ್ನೆ. ಹಾಕಿಸಿಕೊಂಡವರ ಪ್ರಾರ್ಥನೆ ಸಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಕೆಲವು ಧರ್ಮಗಳು ‘ಹೌದು, ತಪ್ಪು’ ಎಂದು ಖಡಾಖಂಡಿತವಾಗಿ ಹೇಳುತ್ತವೆ. ಆದರೆ ಅದೇ ಧರ್ಮಗಳ ಪಂಡಿತರು ಎರಡನೆಯದಕ್ಕೆ ‘ಸಲ್ಲುವುದಿಲ್ಲ’ ಎಂದು ಹೇಳುವುದು ತೀರಾ ಕಡಿಮೆ. ಹೆದರಿಸುವವರು ಇವೆರಡನ್ನೂ ಒಂದು ಮಾಡಿ ಹೇಳುವುದರಿಂದಲೇ ನಿಮ್ಮಂಥವರ ನಿದ್ದೆ ಕೆಡುತ್ತದೆ.

ಇಸ್ಲಾಮಿನಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ನಿಯಮವೂ ಸ್ಪಷ್ಟ, ಗೊಂದಲವೂ ಹೆಚ್ಚು. ಕುರಾನಿನಲ್ಲಿ ಹಚ್ಚೆಯ ಹೆಸರಿಲ್ಲ. ನಿಷೇಧ ಬರುವುದು ಹದೀಸಿನಿಂದ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳಿಂದ. ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಶಪಿಸುವ ಮಾತು ‘ಬುಖಾರಿ’, ‘ಮುಸ್ಲಿಂ’ ಎಂಬ ಹೆಸರಿನ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಪ್ರವಾದಿಯವರ ಸಂಗಾತಿ ಇಬ್ನ್ ಮಸ್ಊದ್ ಅವರಿಂದ ಬಂದ ಪಾಠದಲ್ಲಿ ಕಾರಣವೂ ಇದೆ: ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು. ಇದಕ್ಕೆ ಕುರಾನಿನ 4:119ನೇ ವಚನವನ್ನು ಜೊತೆಗಿಟ್ಟು ಓದುತ್ತಾರೆ. ಹದೀಸಿನ ಮಾತು ಹೆಂಗಸರನ್ನು ಕುರಿತಿದ್ದರೂ ಗಂಡಸರಿಗೂ ಅದೇ ಅನ್ವಯ ಎಂದೇ ಪಂಡಿತರು ತಿಳಿದಿದ್ದಾರೆ. ಸುನ್ನಿ ಪಂಥಗಳ ಬಹುಮತದ ಅಭಿಪ್ರಾಯ ಹರಾಮ್, ಅಂದರೆ ನಿಷಿದ್ಧ, ಎಂದೇ. ಶಿಯಾ ಪಂಡಿತರಲ್ಲಿ ಆಯತುಲ್ಲಾ ಸೀಸ್ತಾನಿ ಸೇರಿದಂತೆ ಹಲವರು ಹಚ್ಚೆಯನ್ನು ಅನುಮತಿಸುತ್ತಾರೆ. ಹಾಗಾಗಿ ‘ಇಸ್ಲಾಮಿನಲ್ಲಿ’ ಎಂದು ಕೇಳುವ ಮೊದಲು ಯಾರನ್ನು ಅನುಸರಿಸುತ್ತೀರಿ ಎಂದು ನೋಡಿಕೊಳ್ಳಿ.

ಈಗ ವುಝೂ, ಅಂದರೆ ನಮಾಝಿಗೆ ಮುನ್ನ ಮುಖ-ಕೈ-ಕಾಲು ತೊಳೆದು ಶುದ್ಧವಾಗುವ ವಿಚಾರ. ‘ಹಚ್ಚೆಯ ಬಣ್ಣ ನೀರನ್ನು ತಡೆಯುತ್ತದೆ, ವುಝೂ ಆಗುವುದಿಲ್ಲ, ಆದ್ದರಿಂದ ನಮಾಝ್ ಇಲ್ಲ’ ಎಂಬ ವಾದವನ್ನು ನೀವು ಕೇಳಿರಬಹುದು. ಅದು ತಪ್ಪು. ಸೂಜಿ ಬಣ್ಣವನ್ನು ಇಳಿಸುವುದು ಚರ್ಮದ ಎರಡನೆಯ ಪದರಕ್ಕೆ, ಸುಮಾರು ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ. ಅಲ್ಲಿನ ರಕ್ಷಕ ಕೋಶಗಳು ಬಣ್ಣದ ಕಣವನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಮೇಲಿನ ಪದರ ಮಾತ್ರ ಸವೆದು ಹೊಸದಾಗುತ್ತಲೇ ಇರುತ್ತದೆ. ಅಂದರೆ ಗಾಯ ಮಾಗಿದ ಮೇಲೆ ನೀರು ತಾಗುವುದು ಬರಿಯ ಚರ್ಮಕ್ಕೇ. ತಡೆ ಎಂಬುದೇ ಇಲ್ಲ. ನಿಜವಾಗಿ ತಡೆಯುವುದು ಅಂಟಿಸುವ ಸ್ಟಿಕ್ಕರ್ ಟ್ಯಾಟೂ. ಅದು ಚರ್ಮದ ಮೇಲೆ ಪೊರೆಯಾಗಿ ಕೂರುತ್ತದೆ, ವುಝೂ ಅಂಗದ ಮೇಲಿದ್ದರೆ ತೆಗೆದೇ ತೊಳೆಯಬೇಕು. ‘ಶಾಶ್ವತವಾದದ್ದು ಬೇಡ, ಸ್ಟಿಕ್ಕರ್ ಸಾಕು’ ಎಂದುಕೊಂಡವರು ಎಡವುವುದು ಇಲ್ಲಿಯೇ. ಮೆಹಂದಿಗೆ ಈ ತೊಂದರೆ ಇಲ್ಲ. ಒಣಗಿದ ಪುಡಿಯನ್ನು ತೆಗೆದ ಮೇಲೆ ಉಳಿಯುವುದು ಕಲೆ ಮಾತ್ರ, ಪದರವಲ್ಲ. ಆದರೆ ‘ಕಪ್ಪು ಮೆಹಂದಿ’ಯ ಹತ್ತಿರ ಹೋಗಬೇಡಿ. ಶುದ್ಧ ಮೆಹಂದಿ ಕೆಂಪು-ಕಂದು ಬಣ್ಣವನ್ನೇ ಕೊಡುತ್ತದೆ. ಗಂಟೆಯೊಳಗೆ ಕಡುಗಪ್ಪಾದರೆ ಅದರಲ್ಲಿ ಕೂದಲ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಅದು ಬೊಬ್ಬೆ ಎಬ್ಬಿಸಿ, ಜೀವನಪೂರ್ತಿ ಉಳಿಯುವ ಅಲರ್ಜಿಯನ್ನೂ ತರಬಲ್ಲದು.

ಈಗಾಗಲೇ ಹಾಕಿಸಿಕೊಂಡಿದ್ದರೆ? ಸುನ್ನಿಗಳ ಶಾಫಿಈ ಪಂಥದ ಹಳೆಯ ಗ್ರಂಥಗಳಲ್ಲಿ, ರಕ್ತ ಬಣ್ಣದ ಜೊತೆ ಹೆಪ್ಪುಗಟ್ಟುವುದರಿಂದ ಆ ಜಾಗ ಅಶುದ್ಧ, ತೆಗೆಸಬೇಕು ಎಂಬ ಮಾತಿದೆ. ಆದರೆ ಅದೇ ಗ್ರಂಥಗಳು ಮುಂದುವರಿದು, ತೆಗೆಸುವುದರಿಂದ ದೇಹಕ್ಕೆ ಹಾನಿಯಾಗುವ ಭಯವಿದ್ದರೆ ಬಿಡಬಹುದು, ಪಶ್ಚಾತ್ತಾಪ ಸಾಕು ಎನ್ನುತ್ತವೆ. ಹೆದರಿಸುವವರು ಮೊದಲರ್ಧವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ನೀವು ಪೂರ್ತಿ ಓದಿ.

ಯೆಹೂದಿ ಧರ್ಮದಲ್ಲಿ ನಿಷೇಧ ಅವರ ಮೂಲ ಧರ್ಮಗ್ರಂಥ ತೋರಾದಲ್ಲೇ ಇದೆ, ಯಾಜಕಕಾಂಡ 19:28ರಲ್ಲಿ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ, ಮೈಮೇಲೆ ಚುಚ್ಚುಬರಹ ಹಾಕಿಸಿಕೊಳ್ಳಬೇಡಿ ಎಂಬುದು ಅದರ ಸಾರ. ಅಲ್ಲಿ ಬಳಸಿದ ‘ಕಅಕಅ’ ಎಂಬ ಹೀಬ್ರೂ ಪದ ಇಡೀ ಹೀಬ್ರೂ ಬೈಬಲಿನಲ್ಲಿ ಬೇರೆಲ್ಲೂ ಬರುವುದಿಲ್ಲ. ಅದಕ್ಕೇ ರಬ್ಬಿಗಳು, ಅಂದರೆ ಯೆಹೂದಿ ಪಂಡಿತರು, ಅದರ ಅರ್ಥವನ್ನು ಬಿಡಿಸಿ ಬಿಡಿಸಿ ನೋಡಿದ್ದಾರೆ. ರಬ್ಬಿಗಳ ಹಳೆಯ ಕಾನೂನು ಸಂಗ್ರಹವಾದ ಮಿಶ್ನಾದ ಮಕ್ಕೋತ್ ಭಾಗದ 3:6ರ ಪ್ರಕಾರ ಬರೆದು ಚುಚ್ಚದಿದ್ದರೆ ದಂಡನೆ ಇಲ್ಲ, ಚುಚ್ಚಿ ಬರೆಯದಿದ್ದರೂ ಇಲ್ಲ. ಶಾಯಿಯಿಂದಲೋ ಕಲೆ ಉಳಿಸುವ ಬೇರಾವುದರಿಂದಲೋ ಬರೆಯುವುದೂ ಚುಚ್ಚುವುದೂ ಎರಡೂ ಕೂಡಿದಾಗಲೇ ಅಪರಾಧ ಪೂರ್ಣ. ಅದೇ ಕಡೆ ಇನ್ನೊಬ್ಬ ರಬ್ಬಿ, ದೇವನಾಮ ಬರೆದರೆ ಮಾತ್ರ ಅಪರಾಧ ಎಂದಿರುವುದೂ ದಾಖಲಾಗಿದೆ. ಮಧ್ಯಯುಗದ ಯೆಹೂದಿ ಪಂಡಿತ ಮೈಮೋನಿಡೀಸ್ ಇದನ್ನು ವಿಗ್ರಹಾರಾಧಕರು ತಮ್ಮ ದೇವತೆಗೆ ಮೀಸಲೆಂದು ಗುರುತು ಹಾಕಿಸಿಕೊಳ್ಳುತ್ತಿದ್ದ ರೂಢಿಯೊಂದಿಗೆ ಜೋಡಿಸುತ್ತಾನೆ. ಇಷ್ಟೆಲ್ಲ ಚರ್ಚೆಯ ನಂತರವೂ ಸಾಂಪ್ರದಾಯಿಕ ತೀರ್ಪು ಒಂದೇ: ಹಾಕಿಸಿಕೊಳ್ಳಬಾರದು.

ಆದರೆ ‘ಹಚ್ಚೆ ಇದ್ದವರನ್ನು ಯೆಹೂದಿ ಸ್ಮಶಾನದಲ್ಲಿ ಹೂಳುವುದಿಲ್ಲ’ ಎಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಆಧಾರವೇ ಇಲ್ಲ. ಮಣ್ಣಿಗೂ ಜಾಗವಿಲ್ಲ ಎಂಬ ನಿಮ್ಮ ಭಯದ ಮೂಲ ಬಹುಶಃ ಇದೇ ಗಾಳಿಮಾತು. ಹಚ್ಚೆ ಒಂದು ಆಜ್ಞೆಯ ಉಲ್ಲಂಘನೆ, ಉಳಿದ ಉಲ್ಲಂಘನೆಗಳ ಹಾಗೆಯೇ. ಅದಕ್ಕಾಗಿ ಹೆಣವನ್ನು ಹೊರಗಿಡುವ ನಿಯಮವಿಲ್ಲ. ಬಲವಂತವಾಗಿ ಹಾಕಿಸಲ್ಪಟ್ಟವರ ಮೇಲೆ ಯಾವ ದೋಷವೂ ಇಲ್ಲವೆಂದು ಯೆಹೂದಿ ಧರ್ಮಶಾಸ್ತ್ರದ ಗ್ರಂಥ ಶುಲ್ಹಾನ್ ಆರುಖ್ ಹೇಳುತ್ತದೆ. ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಕೈದಿಗಳ ಮೈಗೆ ಸಂಖ್ಯೆಗಳನ್ನು ಚುಚ್ಚಲಾಯಿತು ಎಂಬುದನ್ನು ನೆನೆದರೆ ಈ ಒಂದು ಸಾಲಿನ ತೂಕ ತಿಳಿಯುತ್ತದೆ.

ಕ್ರೈಸ್ತರು ಅದೇ 19:28ನ್ನು ಎತ್ತಿ ವಾದಿಸುತ್ತಾರೆ. ಆ ವಚನದ ಹಿಂದಿನದೇ ಗಡ್ಡದ ಅಂಚನ್ನು ಕತ್ತರಿಸಬಾರದೆನ್ನುತ್ತದೆ, ಅದೇ ಅಧ್ಯಾಯದ 19ನೆಯ ವಚನ ಎರಡು ಬಗೆಯ ನೂಲು ಬೆರೆತ ಬಟ್ಟೆ ಉಡಬಾರದೆನ್ನುತ್ತದೆ. ಅವನ್ನು ಬಿಟ್ಟು ಇದೊಂದನ್ನೇ ಹಿಡಿಯುವುದಾದರೆ ಕಾರಣ ಕೊಡಬೇಕಾಗುತ್ತದೆ. ಯೆಹೂದಿಗಳಲ್ಲದ ಜನರಿಂದ ಬಂದ ವಿಶ್ವಾಸಿಗಳು ಯಾವುದನ್ನು ಪಾಲಿಸಬೇಕೆಂದು ಬೈಬಲಿನ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆ ತೀರ್ಮಾನಿಸಿತು. ಅಲ್ಲಿ ಹೇಳಿದ ನಾಲ್ಕು ವಿಷಯಗಳಲ್ಲಿ ಹಚ್ಚೆ ಇಲ್ಲ. ಹಾಗೆಂದು ಪರವಾಗಿ ವಾದಿಸುವವರ ಆಧಾರಗಳೂ ಅಷ್ಟು ಗಟ್ಟಿಯಲ್ಲ. ಗಲಾತ್ಯ 6:17ರಲ್ಲಿ ಪೌಲನು ಹೇಳುವ ‘ಯೇಸುವಿನ ಗುರುತುಗಳು’ ಏಟು ತಿಂದ ಗಾಯದ ಕಲೆಗಳೆಂದೇ ಸಾಮಾನ್ಯ ವ್ಯಾಖ್ಯಾನ, ಹಚ್ಚೆಯಲ್ಲ. ಪ್ರಕಟನೆ 19:16ರ ‘ತೊಡೆಯ ಮೇಲಿನ ಹೆಸರು’ ದರ್ಶನದ ಚಿತ್ರ, ವಿಧಿಯಲ್ಲ. ನನ್ನ ಮಟ್ಟಿಗೆ ಯೆಶಾಯ 44:5 ಹೆಚ್ಚು ಅರ್ಥಪೂರ್ಣ. ‘ಕರ್ತನವನು’ ಎಂದು ಕೈಯ ಮೇಲೆ ಬರೆದುಕೊಳ್ಳುವವನನ್ನು ಅದು ಮೆಚ್ಚಿಯೇ ಹೇಳುತ್ತದೆ.

ರೂಢಿಯ ಸಾಕ್ಷಿ ಇನ್ನೂ ಬಲವಾದದ್ದು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲ ಮಣಿಕಟ್ಟಿನ ಒಳಬದಿಗೆ ಪುಟ್ಟ ಶಿಲುಬೆಯನ್ನು ಹಾಕಿಸಿಕೊಳ್ಳುತ್ತಾರೆ. ಯೆರೂಸಲೇಮಿಗೆ ಹೋದ ಯಾತ್ರಿಕರು ಮರದ ಅಚ್ಚಿನಿಂದ ಗುರುತು ಒತ್ತಿಸಿ ಅದರ ಮೇಲೆ ಹಚ್ಚೆ ಚುಚ್ಚಿಸಿಕೊಳ್ಳುವುದು ಶತಮಾನಗಳಿಂದ ಬಂದದ್ದು. 8ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನಾರ್ತಂಬ್ರಿಯಾದಲ್ಲಿ ಸೇರಿದ ಸಭೆ, ಅನ್ಯ ದೇವತೆಗಳ ಮೂಢನಂಬಿಕೆಗಾಗಿ ಹಾಕಿಸಿಕೊಂಡದ್ದು ನಿಷ್ಫಲ, ದೇವರಿಗಾಗಿ ಆ ನೋವನ್ನು ಸಹಿಸಿದ್ದರೆ ಫಲವುಂಟು ಎಂಬರ್ಥದ ಮಾತು ಹೇಳಿತು. 2018ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಯುವಜನರ ಸಭೆಯಲ್ಲಿ ಹಚ್ಚೆಗೆ ಹೆದರಬೇಡಿ ಎಂದರು. ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಸಭೆಗಳು ಇವನ್ನು ಒಪ್ಪದಿರಬಹುದು. ಅವು 1 ಕೊರಿಂಥ 6:19ರ ‘ದೇಹವೇ ದೇವಾಲಯ’ ಎಂಬ ಮಾತನ್ನು ಹಿಡಿಯುತ್ತವೆ. ಆ ವಚನದ ಸಂದರ್ಭ ಲೈಂಗಿಕ ಅನೈತಿಕತೆ ಎಂಬುದನ್ನು ಮರೆಯದೆ ಓದಿ.

ಹಿಂದೂಗಳಿಗೆ ಎಲ್ಲರನ್ನೂ ಕಟ್ಟಿಹಾಕುವ ಒಂದೇ ನಿಷೇಧವಿಲ್ಲ. ಮೈಮೇಲೆ ದೇವರ ಗುರುತು ಧರಿಸುವುದೇ ಸಂಸ್ಕಾರವಾಗಿರುವ ಸಂಪ್ರದಾಯಗಳೂ ಇವೆ. ಮಾಧ್ವರ ಮತ್ತು ಶ್ರೀವೈಷ್ಣವರ ತಪ್ತಮುದ್ರೆಯಲ್ಲಿ ಕಾಯಿಸಿದ ಲೋಹದ ಚಕ್ರವನ್ನು ಬಲತೋಳಿಗೂ ಶಂಖವನ್ನು ಎಡತೋಳಿಗೂ ಒತ್ತುತ್ತಾರೆ. ಇದು ಶಾಯಿಯ ಹಚ್ಚೆಯಲ್ಲ, ಗುರುವಿನಿಂದಲೇ ಪಡೆಯಬೇಕಾದ ಮುದ್ರೆ. ಆದ್ದರಿಂದ ಅಂಗಡಿಯಲ್ಲಿ ಶಂಖ-ಚಕ್ರ ಹಾಕಿಸಿಕೊಂಡು ‘ಮುದ್ರೆ ಆಯಿತು’ ಎನ್ನುವಂತಿಲ್ಲ. ಛತ್ತೀಸ್‌ಗಢದ ರಾಮನಾಮಿ ಸಮಾಜದವರು ದೇವಸ್ಥಾನದ ಬಾಗಿಲು ತಮಗೆ ಮುಚ್ಚಿದಾಗ, 19ನೇ ಶತಮಾನದ ಕೊನೆಯಿಂದ, ರಾಮನ ಹೆಸರನ್ನು ಮೈತುಂಬ ಬರೆಸಿಕೊಂಡರು. ಇಲ್ಲಿ ಯೋಚಿಸಬೇಕಾದ್ದು ಜಾಗ. ದೇವರ ರೂಪವನ್ನೋ ಮಂತ್ರವನ್ನೋ ಸೊಂಟದಿಂದ ಕೆಳಗೆ, ಅದರಲ್ಲೂ ಪಾದದ ಮೇಲೆ ಹಾಕಿಸಿಕೊಂಡರೆ ಭಕ್ತರಿಗೆ ಅದು ಅಪಚಾರವಾಗಿಯೇ ಕಾಣುತ್ತದೆ. ತೋಳಿನ ಮೇಲ್ಭಾಗ, ಎದೆ, ಬೆನ್ನಿನ ಮೇಲ್ಭಾಗದಲ್ಲಿದ್ದರೆ ಸಾಮಾನ್ಯವಾಗಿ ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಸಿಖ್ಖರ ನಡವಳಿಕೆಯ ಸಂಹಿತೆಯಾದ ರೆಹತ್ ಮರ್ಯಾದಾ ಆಭರಣಕ್ಕಾಗಿ ಕಿವಿ-ಮೂಗು ಚುಚ್ಚುವುದನ್ನು ಬೇಡವೆನ್ನುತ್ತದೆ, ಆದರೆ ಅದರ ನಾಲ್ಕು ಕುರಹಿತ್‌ಗಳಲ್ಲಿ, ಅಂದರೆ ದೊಡ್ಡ ನಿಷೇಧಗಳಲ್ಲಿ, ಹಚ್ಚೆ ಸೇರಿಲ್ಲ. ತೊಡಕು ಬರುವುದು ಬೇರೆ ಕಡೆಯಿಂದ. ಹಚ್ಚೆ ಹಾಕುವ ಮುನ್ನ ಕಲಾವಿದರು ಆ ಜಾಗದ ರೋಮವನ್ನು ಬ್ಲೇಡಿನಿಂದ ತೆಗೆಯುತ್ತಾರೆ. ಅಮೃತ ದೀಕ್ಷೆ ಪಡೆದ ಸಿಖ್ಖರಿಗೆ ಅದು ಕೂದಲು ತೆಗೆಯಬಾರದೆಂಬ ಕೇಶದ ನಿಯಮವನ್ನೇ ಮುರಿದಂತೆ. ಇದನ್ನು ಮೊದಲೇ ಯೋಚಿಸದೆ ಕುರ್ಚಿಯ ಮೇಲೆ ಕೂತ ಮೇಲೆ ಗಾಬರಿಯಾಗಿ ಫಲವಿಲ್ಲ.

ಬೌದ್ಧ ಗೃಹಸ್ಥರಿಗೆ ನಿಷೇಧವಿಲ್ಲ, ಥಾಯ್ಲೆಂಡಿನಲ್ಲಿ ಭಿಕ್ಷುಗಳೇ ಮಂತ್ರ-ಯಂತ್ರಗಳ ರೇಖಾಚಿತ್ರವನ್ನು ಹಚ್ಚೆಯಾಗಿ ಹಾಕುತ್ತಾರೆ. ಆದರೆ ಬುದ್ಧನ ಮುಖವನ್ನು ಹಾಕಿಸಿಕೊಳ್ಳುವುದು ಬೇರೆ ಮಾತು. 2014ರಲ್ಲಿ ಶ್ರೀಲಂಕಾ, ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಅದೇ ಕಾರಣಕ್ಕೆ ವಾಪಸು ಕಳಿಸಿತು.

ಅಹಿಂಸೆ ಅಥವಾ ಸಸ್ಯಾಹಾರದ ವ್ರತ ಇದ್ದರೆ, ಜೈನರು ಮುಖ್ಯವಾಗಿ, ಶಾಯಿಯ ಪಟ್ಟಿ ಓದಲೇಬೇಕು. ಕೆಲವು ಕಪ್ಪು ಶಾಯಿಗಳಲ್ಲಿ ಮೂಳೆ ಸುಟ್ಟ ಇದ್ದಿಲು ಇರುತ್ತದೆ. ಗ್ಲಿಸರಿನ್ ಪ್ರಾಣಿಯ ಕೊಬ್ಬಿನದೂ ಆಗಿರಬಹುದು, ಸಸ್ಯದ್ದೂ ಆಗಿರಬಹುದು. ಕೆಲವು ಶಾಯಿಗಳಲ್ಲಿ ಬೆರೆಸುವ ಅರಗು ಕೀಟದಿಂದ ಬಂದದ್ದು. ಕೆಲವು ಆರೈಕೆಯ ಮುಲಾಮುಗಳಲ್ಲಿ ಕುರಿಯ ಉಣ್ಣೆಯಿಂದ ಬರುವ ಜಿಡ್ಡು, ಲ್ಯಾನೊಲಿನ್, ಇರುತ್ತದೆ. ‘ವೀಗನ್’ ಎಂದು ಬರೆದ ಶಾಯಿಗಳು ಸಿಗುತ್ತವೆ. ಶಾಯಿಯ ಜೊತೆಗೆ ಮುಲಾಮು, ವಿನ್ಯಾಸವನ್ನು ಮೈಗಿಳಿಸುವ ಕಾರ್ಬನ್ ಹಾಳೆಯಲ್ಲಿ ಏನಿದೆ ಎಂದೂ ಕೇಳಿ.

ನಿಮ್ಮ ನಂಬಿಕೆ ಒಪ್ಪುತ್ತದೆ, ಹಾಕಿಸಿಕೊಳ್ಳುತ್ತೇನೆ ಎಂದಾದರೆ ದಿನ ನೋಡಿ. ಹೊಸ ಹಚ್ಚೆ ಎಂದರೆ ತೆರೆದ ಗಾಯ. ಮೇಲ್ಪದರ ಮುಚ್ಚಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಹರಿಯುವ ನೀರಲ್ಲಿ ಮೆಲ್ಲಗೆ ತೊಳೆಯಬಹುದು, ಮುಳುಗಿಸುವಂತಿಲ್ಲ. ಹಾಗಾಗಿ ತೀರ್ಥಸ್ನಾನ, ದೀಕ್ಷಾಸ್ನಾನ, ಯೆಹೂದಿಗಳ ಶುದ್ಧಿಸ್ನಾನವಾದ ಮಿಕ್ವೆ ಮುಂದಿದ್ದರೆ ಒಂದು ತಿಂಗಳ ಅಂತರವಿರಲಿ. ನದಿ, ಕಲ್ಯಾಣಿಯ ನೀರಿನ ಬ್ಯಾಕ್ಟೀರಿಯಾ ಗಾಯದೊಳಗೆ ಹೊಕ್ಕರೆ ಕೀವಾಗಿ ಬಣ್ಣವೂ ಕಿತ್ತುಬರುತ್ತದೆ.

ದೇವನಾಮ ಬರೆಸುವವರು ಅಕ್ಷರವನ್ನು ಮೂರು ಸಲ ನೋಡಿ. ಅರೇಬಿಕ್ ಬಲದಿಂದ ಎಡಕ್ಕೆ ಕೂಡಿ ಬರೆಯುವ ಲಿಪಿ. ವಿನ್ಯಾಸದ ಸಾಫ್ಟ್‌ವೇರ್ ಅದನ್ನು ಅರಿಯದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ, ತಿರುಗುಮುರುಗಾಗಿ ಬರುತ್ತವೆ. ಹೀಬ್ರೂ ಅಕ್ಷರಗಳು ಕೂಡುವುದಿಲ್ಲ, ಆದರೆ ಅದೂ ಬಲದಿಂದ ಎಡಕ್ಕೆ, ತಿರುಗುಮುರುಗಾಗುವ ಕಾಟ ಅದಕ್ಕೂ ಇದೆ. ಕನ್ನಡದಲ್ಲಿ ಒತ್ತಕ್ಷರ ಒಡೆಯುತ್ತದೆ: ‘ಶ್ರೀ’ ಹೋಗಿ ‘ಶ್’ ಮತ್ತು ‘ರೀ’ ಪಕ್ಕಪಕ್ಕ ಕೂರುತ್ತವೆ. ಫೈಲನ್ನು ಚಿತ್ರವಾಗಿ ಕಳಿಸಿ, ಮೈಮೇಲೆ ಅಚ್ಚು ಒತ್ತಿದ ಮೇಲೆ ಆ ಲಿಪಿ ಬಲ್ಲವರೊಬ್ಬರಿಂದ ಓದಿಸಿ, ಆಮೇಲೆ ಸೂಜಿ. ಕನ್ನಡಿಯಲ್ಲಿ ನೋಡಿ ಸರಿ ಎನ್ನಬೇಡಿ, ಅದು ತಿರುಗಿಸಿ ತೋರಿಸುತ್ತದೆ. ವರ್ಷಗಳು ಕಳೆದಂತೆ ಶಾಯಿ ಹರಡುತ್ತದೆ. ಕನ್ನಡದ ಗುಂಡು ಅಕ್ಷರಗಳ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆಯಾದರೆ ಒಳಗಿನ ಸೊನ್ನೆಗಳು ತುಂಬಿಹೋಗಿ ಮುಂದೊಂದು ದಿನ ದೇವರ ಹೆಸರು ಮಸಿಯ ಮುದ್ದೆಯಾಗುತ್ತದೆ.

ವೈದ್ಯಕೀಯ ಹಚ್ಚೆಯ ಬಗ್ಗೆ ಯಾರೂ ಕೊರಗಬೇಡಿ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ಗುರಿ ಹಿಡಿಯಲು ಚರ್ಮದ ಮೇಲೆ ಸಾಸಿವೆಗಿಂತ ಚಿಕ್ಕ ಚುಕ್ಕೆಗಳನ್ನು ಹಾಕುತ್ತಾರೆ. ಹಚ್ಚೆಯನ್ನು ನಿಷೇಧಿಸುವ ಇಸ್ಲಾಂ, ಯೆಹೂದಿ ಪಂಡಿತರೂ ಇದನ್ನು ಅಗತ್ಯವೆಂದು ಒಪ್ಪುತ್ತಾರೆ.

ತೆಗೆಸಲೇಬೇಕು ಎಂದು ಮನಸ್ಸು ಹೇಳಿದರೆ ಲೇಸರ್ ಇದೆ. ಆರರಿಂದ ಎಂಟು ವಾರಗಳ ಅಂತರದಲ್ಲಿ ಹಲವು ಸಲ, ಎಷ್ಟೋ ವೇಳೆ ಹತ್ತು ಸಲದವರೆಗೂ ಕೂರಬೇಕು. ಕಪ್ಪು ಬೇಗ ಹೋಗುತ್ತದೆ, ಹಸಿರು-ಹಳದಿ ಹಟ ಹಿಡಿಯುತ್ತವೆ. ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯುವ ಅಪಾಯ ಹೆಚ್ಚು, ಹಾಗಾಗಿ ಹಚ್ಚೆ ಅಂಗಡಿಗೆ ಹೋಗದೆ ಚರ್ಮವೈದ್ಯರ ಬಳಿ ಹೋಗಿ. ಚರ್ಮ ಕಿತ್ತು ತೆಗೆಯುವ ಆಸಿಡ್ ಮುಲಾಮುಗಳನ್ನು ಮುಟ್ಟಲೇಬೇಡಿ. ಅಷ್ಟರವರೆಗೆ ಪ್ರಾರ್ಥನೆಯನ್ನು ಮುಂದೂಡಬೇಕಾಗಿಲ್ಲ. ಇಂದಿನ ಹೊತ್ತಿನ ನಮಾಝನ್ನೋ ಪೂಜೆಯನ್ನೋ ಇಂದೇ ಮಾಡಿ.