ಎಸ್‌ಟಿಪಿ ಕಟ್ಟಿ ಎರಡು ವರ್ಷ ಆದ್ರೂ ನೀರು ಯಾಕ ಕರ್ರಗ ಬರ್ತದ?

ಊರು ಸಣ್ಣದು, 40 ಸಾವಿರ ಜನ, ಪುರಸಭೆದವ್ರು ಕೊಳಚಿ ನೀರು ಸ್ವಚ್ಛ ಮಾಡೋ ಪ್ಲಾಂಟ್, ಅಂದ್ರ ಎಸ್‌ಟಿಪಿ ಕಟ್ಟಿ ಎರಡು ವರ್ಷ ಆಯ್ತು, ಆದ್ರೂ ಹೊರಗ ಬಿಡೋ ನೀರು ಕರ್ರಗ ಅದ, ನಾತ ಹೊಡೀತದ, ಮಷಿನ್ ಕೆಟ್ಟಾವೇನು ಅಂತ ಕೇಳೀರಿ. ನಾ ಅಫಜಲಪುರ ಕಡಿಯವ, ಪುಣೆದಾಗ ಒಂಬತ್ತು ವರ್ಷದಿಂದ ಇದೇ ಕೆಲಸ. ನನ್ನ ಅಂದಾಜು ಮಷಿನ್ ಕೆಟ್ಟಿಲ್ಲ, ರಾತ್ರಿ ಗಾಳಿ ಬಿಡೋ ಬ್ಲೋವರ್ ಬಂದ್ ಮಾಡ್ಲಿಕತ್ತಾರ.

ನೀರು ಸ್ವಚ್ಛ ಮಾಡೋದು ಮಷಿನ್ ಅಲ್ಲರೀ, ಬ್ಯಾಕ್ಟೀರಿಯಾ. ಮೊಸರಿಗೆ ಹೆಪ್ಪು ಹಾಕ್ತೀವಲ್ಲ ಹಂಗ, ತಳಕ್ಕ ಕುಂತ ಬ್ಯಾಕ್ಟೀರಿಯಾ ತುಂಬಿದ ಹಳೇ ಗಸಿ ಚೆಲ್ಲದ ಅದಕ್ಕೇ ಹೊಸ ಕೊಳಚಿ ನೀರು ಕೂಡಿಸಿ ಗಾಳಿ ಬಿಟ್ರ ವಾರಗಟ್ಲೆ ಹಿಡಿಯೋ ಕೆಲಸ ತಾಸಿನ ಲೆಕ್ಕದಾಗ ಮುಗೀತದ, 1914ರಾಗ ಮ್ಯಾಂಚೆಸ್ಟರ್‌ನಾಗ ಆರ್ಡರ್ನ್ ಮತ್ತ ಲಾಕೆಟ್ ಅನ್ನೋ ಇಬ್ಬರು ತೋರಿಸಿದ್ದು ಇದನ್ನೇ. ಆ ಗಾಳಿ ಬಿಡೋದೇ ಬ್ಲೋವರ್, ಪ್ಲಾಂಟಿನ ಕರೆಂಟ್ ಬಿಲ್ಲಿನಾಗ ದೊಡ್ಡ ಪಾಲು ಅದರದ್ದೇ. ಹಿಂಗಾಗಿ ಉಳಿತಾಯ ಅಂದ್ಕೂಡ್ಲೇ ಮೊದ್ಲು ಕೈ ಹೋಗೋದು ಅದರ ಸ್ವಿಚ್ಚಿಗೆ.

ನಾ ಮೊದ್ಲು ಸೇರಿದ್ದು ಪುಣೆದಿಂದ ಒಂದೂವರಿ ತಾಸಿನ ದಾರಿಯ ಸಣ್ಣ ಊರಿನ ಪ್ಲಾಂಟಿಗೆ, ಹೆಸರು ಬ್ಯಾಡ. ರಾತ್ರಿ ಹನ್ನೊಂದಕ್ಕ ಸೂಪರ್‌ವೈಸರ್ ಫೋನ್ ಮಾಡಿ "ಬಂದ್ ಕರ್ ರೇ" ಅಂತಿದ್ದ, ಮುಂಜಾನೆ ಆರಕ್ಕ ಮತ್ತ ಚಾಲೂ. ಲಾಗ್‌ಬುಕ್ಕಿನಾಗ ಡಿಒ (ನೀರಿನಾಗ ಕರಗಿದ ಆಕ್ಸಿಜನ್) 2.0, 2.0, 2.0 ಅಂತ ಒಂದೇ ಪೆನ್ನಿನಾಗ ಒಂದೇ ಸಲ ಇಡೀ ವಾರದ್ದು ಬರೀತಿದ್ವಿ, ನಾನೂ ಬರದೀನಿ, ಸುಳ್ಳು ಯಾಕ ಹೇಳ್ಲಿ. ತಿಂಗಳೊಪ್ಪತ್ತಿನಾಗ ಟ್ಯಾಂಕ್ ಬಣ್ಣ ಬದಲಾತು. ಗಸಿ ಚಲೋ ಇದ್ರ ಚಾಕ್ಲೇಟ್ ಬಣ್ಣ ಇರ್ತದ, ಮೂಗಿಗೆ ಮಳಿ ಬಿದ್ದ ಮಣ್ಣಿನ ವಾಸನಿ. ನಮ್ಮದು ಡಾಂಬರಿನಂಗ ಕರ್ರಗಾಗಿ ಕೊಳೆತ ತತ್ತಿ ನಾತ ಹೊಡೀಲಿಕ್ಕತ್ತು. ಆಮ್ಯಾಲೆ ಬೇರೆ ಪ್ಲಾಂಟಿಂದ ಟ್ಯಾಂಕರಿನಾಗ ಗಸಿ ತಂದು, ಸಗಣಿ, ಬೆಲ್ಲ ಕರಗಿಸಿ ಹಾಕಿ ಮತ್ತ ಎಬ್ಬಿಸಿದ್ವಿ, ಉಳಿಸಿದ ಕರೆಂಟಿನ ರೊಕ್ಕ ಅದಕ್ಕೇ ಹೋತು.

ಎರಡನೇ ಅನುಮಾನ, ಕೊಳಚಿ ನೀರೇ ಪೂರ್ತಿ ಬರ್ತಿರಲಿಕ್ಕಿಲ್ಲ. 40 ಸಾವಿರ ಜನ, ತಲಿಗೆ 135 ಲೀಟರ್, ಅದರಾಗ ಶೇ. 80 ಗಟಾರಿಗೆ ಅಂತ ಲೆಕ್ಕ ಹಿಡಿದು ಡಿಸೈನ್ ಮಾಡ್ತಾರ, ಅಂದ್ರ ದಿನಕ್ಕ 43 ಲಕ್ಷ ಲೀಟರ್. ಆದ್ರ ಮನಿ ಕನೆಕ್ಷನ್ ಕೊಡದ ಬರೇ ನಾಲಾ ತಿರುವಿ ತಂದಿದ್ರ ತೆಳ್ಳನ ನೀರು ಬರ್ತದ, ಬ್ಯಾಕ್ಟೀರಿಯಾ ಉಪಾಸ ಬೀಳ್ತಾವ. ಮಳಿಗಾಲದಾಗಂತೂ ಹೇಳಬ್ಯಾಡ್ರಿ. ಒಳಗ ಬರೋ ಕಸ ತಡಿಯೋ ಜಾಳಗಿ, ಅಂದ್ರ ಸ್ಕ್ರೀನಿನಾಗ ಏನು ಸಿಕ್ಕತದ ಅನ್ನೋದೂ ಹೇಳೂದಿಲ್ಲ, ಮಹಾರಾಷ್ಟ್ರದಾಗ 2012ರಾಗ ಗುಟ್ಕಾ ಬಂದ್ ಮಾಡ್ಯಾರ, ನಮ್ಮ ಸ್ಕ್ರೀನಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ಇನ್ನ ಕೆಲವು ಕಡಿ ಉಲ್ಟಾ, ಬೆಳೆದ ಗಸಿ ಹೊರಗ ತೆಗೆಯೋದೇ ಇಲ್ಲ. ಒಣಗಿಸೋ ಬೆಡ್ಡಿನಾಗ ಹುಲ್ಲು ಬೆಳೆದಿದ್ರ ತಿಳ್ಕೋರಿ, ಆ ಗಸಿ ಎಲ್ಲಾ ನೀರಿನ ಜೋಡಿನೇ ಹಳ್ಳಕ್ಕ ಹೊಂಟದ.

ನಮ್ಮವ್ವಗ ಇದೆಲ್ಲಾ ಗೊತ್ತಿಲ್ಲ, ಆದ್ರ ನನ್ನ ಕೆಲಸದ ಮ್ಯಾಲೆ ಆಕಿದೊಂದು ಕಣ್ಣು ಇದ್ದೇ ಇರ್ತದ. ಪುಣೆದ ಮುಳಾ-ಮುಠಾ ಹೊಳಿ ಹೋಗಿ ಭೀಮಾ ಸೇರ್ತದ, ಉಜನಿ ಡ್ಯಾಮು, ಪಂಢರಪುರ ದಾಟಿ ನಮ್ಮ ಹೊಲದ ಬಾಜೂನೇ ಬರ್ತದ. "ಈ ಸಲ ಹೊಳಿ ನೀರು ಹಸರಗಾಗ್ಯಾದ, ಡ್ಯೂಟಿ ಬರೋಬರಿ ಮಾಡ್ಲಿಕತ್ತಿಯೋ ಇಲ್ಲೋ" ಅಂತಾಳ.

ನೀವು ಹಿಂಗ ಮಾಡ್ರಿ. ಹೋಗ್ಕೂಡ್ಲೇ ಜಗಳ ತೆಗೀಬ್ಯಾಡ್ರಿ, ಆಪರೇಟರ್ ಪಗಾರ ಎಷ್ಟಂತ ಕೇಳಿದ್ರ ನಿಮಗ ಸಿಟ್ಟೇ ಇಳೀತದ. ಗಾಳಿ ಟ್ಯಾಂಕಿನ ನೀರು ಒಂದು ಲೀಟರ್ ಅಳತಿ ಗಾಜಿನಾಗ ತುಂಬಿಸಿ ಅರ್ಧ ತಾಸು ಅಲ್ಲಾಡಿಸದ ಇಡ್ಲಿಕ್ಕೆ ಹೇಳ್ರಿ. ಗಸಿ 300 ಎಂಎಲ್ ಆಸುಪಾಸು ಕುಂತು ಮ್ಯಾಲೆ ನೀರು ತಿಳಿ ಇದ್ರ ಛಲೋ. 50ಕ್ಕೇ ನಿಂತ್ರ ಬ್ಯಾಕ್ಟೀರಿಯಾನೇ ಇಲ್ಲ, 900ರ ಮ್ಯಾಲೆ ಇದ್ರ ಒಂದೋ ಗಸಿ ತೆಗೆದಿಲ್ಲ, ಇಲ್ಲಾ ಅದು ಕೂಡ್ಲಿಕ್ಕೇ ತಯಾರಿಲ್ಲ. ಆಮ್ಯಾಲೆ ಬ್ಲೋವರ್ ಪ್ಯಾನೆಲ್ ಮ್ಯಾಲೆ ಅದು ಎಷ್ಟು ತಾಸು ಓಡ್ಯದ ಅಂತ ತೋರಿಸೋ ಅವರ್ ಮೀಟರ್ ಇರ್ತದ, ಇವತ್ತು ಸಂಜಿ ಒಂದು ಫೋಟೋ, ನಾಳೆ ಸಂಜಿ ಅದೇ ಟೈಮಿಗೆ ಇನ್ನೊಂದು. ಎರಡು ಮೂರು ಬ್ಲೋವರ್ ಇದ್ರ ಎಲ್ಲಾದರದ್ದೂ ತಗೀರಿ, ಒಂದು ಓಡಿದ್ರ ಇನ್ನೊಂದು ಸ್ಟ್ಯಾಂಡ್‌ಬೈ ಇರ್ತದ. ಆ ಲೆಕ್ಕ ಇಲ್ಲಿ ಹಾಕ್ರಿ, ನೋಡಿ ಹೇಳ್ತೀನಿ.